ಎರವಲು ಸಾಮಾನಿನ ಕೋಣೆ

ಗುಡ್ಡದ ಮೇಲಿನ ಊರುಗಳಲ್ಲಿ ಯಾರೂ ತಮ್ಮ ಜೀವ ತಾವೇ ತೆಗೆದುಕೊಳ್ಳದ ಹಾಗೆ ನೋಡಿಕೊಳ್ಳುವುದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದರೆ ಚಿಕ್ಕಿಯ ಹತ್ತಿರ ಉತ್ತರ ಸಿದ್ಧವಾಗಿತ್ತು. ಎಲ್ಲಕ್ಕಿಂತ ಹೆಚ್ಚು ತಿನ್ನುತ್ತಿದ್ದದ್ದು ಜೀಪು. ಡೀಸೆಲ್ಲು, ಟೈರು, ಮಳೆಗಾಲ ಮುಗಿದ ಮೇಲೆ ಒಂದು ಸಲ ಗ್ಯಾರೇಜು. ಅದರ ನಂತರ ಕಚೇರಿಯ ಬಾಡಿಗೆ, ಅದರ ನಂತರ ಚಿಕ್ಕಿಯ ಸಂಬಳ. ಊರೂರು ನಡೆಯುವ ಆರು ಜನ ಹೆಂಗಸರಿಗೆ ಕೊಡುತ್ತಿದ್ದದ್ದನ್ನು ಸಂಬಳ ಎನ್ನುವ ಹಾಗಿರಲಿಲ್ಲ, ಗೌರವಧನ ಎನ್ನಬೇಕು. ಗೌರವ ಎಂಬ ಮಾತು ಮುಂದೆ ಬಂದು ಕೂತರೆ ಧನ ತಾನಾಗಿಯೇ ಹಿಂದೆ ಸರಿಯುತ್ತದೆ. ಆರೂ ಜನರದ್ದು ಸೇರಿಸಿದರೂ ಜೀಪಿನ ಟೈರಿನ ಹತ್ತಿರ ಬರುತ್ತಿರಲಿಲ್ಲ. ಚಪ್ಪಲಿ, ಟಾರ್ಚಿನ ಸೆಲ್ಲು, ಇವೆಲ್ಲ 'ಇತರೆ' ಎಂಬ ತಲೆಬರಹದ ಕೆಳಗೆ. ಕೂರುವುದಕ್ಕೆ ಮಾತ್ರ ಏನೂ ಖರ್ಚಿರಲಿಲ್ಲ. ಯಾರದೋ ಮನೆಯ ಮುಂದೆ ಮಧ್ಯಾಹ್ನವಿಡೀ ಕೂತು, ಮನೆಯವನು ಬಾಯಿಬಿಟ್ಟರೆ ಕೇಳಿಸಿಕೊಂಡು, ಬಿಡದಿದ್ದರೆ ತಾನೂ ಬಿಡದೆ ಎದ್ದು ಬರುವುದಕ್ಕೆ ಯಾವ ತಲೆಬರಹವೂ ಇರಲಿಲ್ಲ. ಇಷ್ಟು ವರ್ಷದ ಯೋಜನೆಯಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಅದೊಂದೇ ಎಂದು ಚಿಕ್ಕಿಗೆ ಗೊತ್ತಿತ್ತು. ಖರ್ಚೇ ಇಲ್ಲದ್ದಕ್ಕೆ ಯಾರಿಗೆ ಲೆಕ್ಕ ಕೊಡುವುದು.

ಇವತ್ತು ಕಚೇರಿಯ ಬೀಗದ ಕೈ ಒಪ್ಪಿಸುವ ದಿನ. ಚಿಕ್ಕಿ ಬೆಳಿಗ್ಗೆ ಬೇಗ ಬಂದು ಕಸ ಗುಡಿಸಿದಳು. ಮುಂದಿನ ಕೋಣೆ ಬೇಗ ಮುಗಿಯಿತು. ಮೇಜು, ಕುರ್ಚಿ, ಗೋಡೆಗೆ ಒರಗಿಸಿಟ್ಟ ಫಲಕ. ಆ ಫಲಕದ ಮೇಲೆ ಮೊದಲು 'ಬುಡಕಟ್ಟು ಜನರ ಆತ್ಮಹತ್ಯೆ ತಡೆ ಯೋಜನೆ' ಎಂದಿತ್ತು. ಅದನ್ನು ತೂಗುಹಾಕಿದ ಮೇಲೆ ಗುಡ್ಡದಿಂದ ಸಂತೆಗೆ ಇಳಿದವರು ಕಚೇರಿ ಇದ್ದ ಬೀದಿಯನ್ನೇ ಬಿಟ್ಟು ಸುತ್ತುಹಾಕಿ ಹೋಗತೊಡಗಿದ್ದರು. ಆಮೇಲೆ ಬಣ್ಣದವನನ್ನು ಕರೆಸಿ 'ಆರೋಗ್ಯ ಯೋಜನೆ' ಎಂದು ಬರೆಸಿದ್ದಾಯಿತು. ಬಿಸಿಲಿಗೆ ಮೇಲಿನ ಬಣ್ಣ ಏಳುತ್ತಾ ಈಗ ಎರಡೂ ಓದಬಹುದಾಗಿತ್ತು. ಹಿಂದಿನ ಕೋಣೆಗೆ ಬಂದಾಗ ಅವಳ ಪೊರಕೆ ನಿಂತಿತು. ಗೋಡೆಯ ತುಂಬ ಮೊಳೆಗಳು, ಮೊಳೆಗಳ ಮೇಲೆ ಏನೂ ಇಲ್ಲ. ಕಪಾಟಿನ ಹಲಗೆಯ ದೂಳಿನಲ್ಲಿ ಜರಡಿಯಷ್ಟು ದುಂಡಗಿನ ಒಂದು ಜಾಗ, ಇಸ್ತ್ರಿಪೆಟ್ಟಿಗೆಯ ಮೂತಿಯ ಹಾಗೆ ಚೂಪಾದ ಒಂದು ಜಾಗ, ಕೋಲಿನಂತೆ ಉದ್ದಕ್ಕೆ ಒಂದು. ಒಂದು ವಾರದ ಹಿಂದೆ ಈ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒದ್ದೆ ಬಟ್ಟೆ ತಂದು ಹಲಗೆ ಒರೆಸಬೇಕು ಅಂದುಕೊಂಡಳು. ಬಟ್ಟೆ ತಂದಳು. ದುಂಡಗಿನ ಜಾಗದ ಸುತ್ತ ಒರೆಸಿ ಅದನ್ನು ಹಾಗೆಯೇ ಬಿಟ್ಟಳು. ಆಮೇಲೆ ತನ್ನ ಪೆದ್ದುತನಕ್ಕೆ ತಾನೇ ನಾಚಿ ಅದನ್ನೂ ಒರೆಸಿದಳು.

ಅವಳನ್ನು ಗುಡ್ಡದಲ್ಲಿ ಎಲ್ಲರೂ ಚಿಕ್ಕಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರೂ. ಕೆಳಗೆ ಕಚೇರಿಯಲ್ಲಿ ಅವಳು ಮೇಡಂ. ಒಂದು ಹೆಸರಿನಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೋಗಿಬರುವಾಗ ನಡುವೆ ಎಲ್ಲೋ ಒಂದು ತಿರುವಿನಲ್ಲಿ ದನಿ ಬದಲಾಗುತ್ತಿತ್ತು. ಇದನ್ನು ಅವಳು ಗಮನಿಸಿದ್ದಳು, ಯಾರಿಗೂ ಹೇಳಿರಲಿಲ್ಲ. ಗುಡ್ಡದವಳೇ ಆದ ಅವಳನ್ನು ಯೋಜನೆಯವರು ಆರಿಸಿಕೊಂಡದ್ದು ಆ ಕಾರಣಕ್ಕೆ. ಮೊದಲ ವರ್ಷ ಅವಳು ಸೋತದ್ದೂ ಅದೇ ಕಾರಣಕ್ಕೆ. ತರಬೇತಿಯಲ್ಲಿ ಕಲಿಸಿದಂತೆ ಆರು ಜನ ಹೆಂಗಸರನ್ನು ಕಟ್ಟಿಕೊಂಡು, ಯೋಜನೆಯ ನೀಲಿ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲು ತಟ್ಟಿದರೆ ಒಳಗೆ ಮಾತು ನಿಲ್ಲುತ್ತಿತ್ತು. ಚೀಲ ಬಂದ ಮನೆ ಎಂದರೆ ಊರಿಗೆಲ್ಲ ಸುದ್ದಿ. ಒಬ್ಬಳಂತೂ ಬಾಗಿಲ ಸಂದಿಯಿಂದಲೇ, 'ನಮ್ಮನೇಲಿ ಯಾರೂ ಸಾಯೋರಿಲ್ಲ, ಮುಂದಿನ ಮನೆ ನೋಡಿ' ಎಂದು ತರಕಾರಿಯವನನ್ನು ಸಾಗಹಾಕುವಂತೆ ಸಾಗಹಾಕಿದ್ದಳು. ಆಗ ಆರು ಜನರಲ್ಲಿ ಹಿರಿಯಳಾದ ಉದ್ದಕ್ಕ, ಅವಳ ಎತ್ತರಕ್ಕೆ ಆ ಹೆಸರು, ಚೀಲವನ್ನು ಪೊದೆಯ ಹಿಂದೆ ಎಸೆದು ವಾಪಸ್ ಹೋಗಿ ಅದೇ ಬಾಗಿಲಲ್ಲಿ, 'ಜರಡಿ ಇದ್ರೆ ಕೊಡೇ ತಾಯಿ, ನಂದು ತೂತುಬಿದ್ದಿದೆ' ಅಂದಳು. ಜರಡಿ ಬಂತು. ಜರಡಿಯ ಹಿಂದೆ ಹೆಂಗಸು ಬಂದಳು. ಜರಡಿ ತೂತುಬೀಳದೆ ಇನ್ನೇನಾಗುತ್ತೆ ಎಂದು ಬೈಯುತ್ತಾ ಬಾಗಿಲಲ್ಲೇ ಕೂತಳು. ನಾಲ್ಕು ದಿನ ಬಿಟ್ಟು ಅದನ್ನು ವಾಪಸ್ ಕೊಡಲು ಹೋದ ಉದ್ದಕ್ಕ ಇಸ್ತ್ರಿಪೆಟ್ಟಿಗೆ ಕೇಳಿ ತಂದಳು. ಹಾಗೆ ಶುರುವಾದದ್ದು. ಕೊಡುವವರ ಹಾಗೆ ಹೋಗಬಾರದು, ಬೇಡುವವರ ಹಾಗೆ ಹೋಗಬೇಕು. ಸಾಮಾನು ಹೊರಗಿರುವಾಗ ಮನುಷ್ಯ ಅದು ಬರುವ ದಾರಿ ನೋಡುತ್ತಾನೆ. ದಾರಿ ನೋಡುವುದು ಎಂದರೆ ನಾಳೆಯನ್ನು ಸ್ವಲ್ಪ ಒಪ್ಪಿಕೊಂಡ ಹಾಗೆ. ಹಳೆಯದನ್ನು ಕೊಟ್ಟ ಕೈ ಹೊಸದೊಂದನ್ನು ಕೇಳದೆ, ಬರಿಗೈಯಲ್ಲಿ ಆ ಮನೆಯಿಂದ ಹೊರಡಬಾರದು ಎಂಬ ಕಟ್ಟುಪಾಡನ್ನು ಚಿಕ್ಕಿಯೇ ಮಾಡಿದಳು. ಬಾಕಿ ಯಾವಾಗಲೂ ಉಳಿದಿರಬೇಕು. ಆರು ಜನ ಹೆಂಗಸರ ಮನೆಗಳಲ್ಲಿ ಸಾಮಾನು ತುಂಬಿ ಗಂಡಂದಿರು ಗೊಣಗತೊಡಗಿದಾಗ ಅದೆಲ್ಲ ಮೂಟೆಗಳಲ್ಲಿ ಈ ಹಿಂದಿನ ಕೋಣೆಗೆ ಬಂತು. ವರದಿಯಲ್ಲಿ ಮಾತ್ರ ಚಿಕ್ಕಿ ಇದನ್ನು ಎಂದೂ ಬರೆಯಲಿಲ್ಲ. 'ಮರುಭೇಟಿ' ಎಂದು ಬರೆಯುತ್ತಿದ್ದಳು. ಜರಡಿ ಎಂದು ಬರೆಯಲು ನಾಚಿಕೆಯಾಗುತ್ತಿತ್ತು.

ಆ ನಾಚಿಕೆಯೇ ಕೊನೆಗೆ ಕೆಲಸ ಕೆಡಿಸಿತು. ಹಿಂದಿನ ವಾರ ಹಣ ಕೊಡುವ ಸಂಸ್ಥೆಯಿಂದ ಲೆಕ್ಕದವರೊಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯರು, ಹೊಟ್ಟೆಯ ತೊಂದರೆ ಇದ್ದು ಯಾವಾಗಲೂ ಬಿಸಿನೀರು ಕುಡಿಯುವವರು, ಯಾರ ಮೇಲೂ ದನಿ ಎತ್ತದವರು. ಯೋಜನೆ ಏಕೆ ನಿಲ್ಲುತ್ತಿದೆ ಎಂದು ಚಿಕ್ಕಿ ಕೇಳಿದಾಗ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು, 'ದುಡ್ಡಿಲ್ಲ ಅಂತಲ್ಲ ಮೇಡಂ. ಇಲ್ಲಿ ಸಾವು ಕಡಿಮೆಯಾಗಿದೆ ಅಂತ ನೀವೇ ಬರೆದಿದ್ದೀರಿ. ಮೇಲಿನವರ ಮನಸ್ಸು ಈಗ ಕುಡಿಯೋ ನೀರಿನ ಕಡೆ ಹೋಗಿದೆ' ಎಂದಿದ್ದರು. ಇದನ್ನು ಆಮೇಲೆ ಉದ್ದಕ್ಕನಿಗೆ ಹೇಳಿದಾಗ ಅವಳು, 'ಮಳೆ ಒಳಗೆ ಬೀಳ್ತಿಲ್ಲ ಅಂತ ಹೆಂಚು ಇಳಿಸ್ತಾರಾ?' ಎಂದು ಕೇಳಿದಳು. ಚಿಕ್ಕಿ ಆ ಪ್ರಶ್ನೆಯನ್ನು ಲೆಕ್ಕದವರ ಹತ್ತಿರ ಕೇಳಲಿಲ್ಲ. ಅವರು ಆಗ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. 'ಇದೆಲ್ಲ ಯಾರದ್ದು?' 'ಊರವರದ್ದು.' 'ನಮ್ಮ ಹತ್ತಿರ ಯಾಕಿದೆ?' ಚಿಕ್ಕಿಯ ನಾಲಿಗೆಯ ಮೇಲೆ ಉತ್ತರವಿತ್ತು. ಅಷ್ಟರಲ್ಲಿ ಅವರು ಹಲಗೆಯ ಮೇಲಿದ್ದ ಒಂದು ಬಾಚಣಿಗೆಯನ್ನು ಎರಡು ಬೆರಳಲ್ಲಿ ಎತ್ತಿ, ಹಲ್ಲಿನ ನಡುವೆ ಸಿಕ್ಕಿದ್ದ ಕೂದಲು ನೋಡಿ, ಮುಖ ಸಿಂಡರಿಸದೆ, ಹಾಗೆಯೇ ಮೆಲ್ಲಗೆ ಕೆಳಗಿಟ್ಟರು. ಮುಖ ಸಿಂಡರಿಸಿದ್ದರೆ ಅವಳು ಜಗಳವಾಡುತ್ತಿದ್ದಳೋ ಏನೋ. ಹಾಗೆ ಮೆಲ್ಲಗೆ ಇಟ್ಟದ್ದು ಅವಳ ಕಿವಿಯವರೆಗೂ ಬಿಸಿ ಏರಿಸಿತು. ತನ್ನ ಜನರ ತಲೆಯ ಕೂದಲು ಮತ್ತೊಬ್ಬರ ಬೆರಳಿನ ನಡುವೆ. 'ಮರೆತು ಬಿಟ್ಟುಹೋಗಿದ್ದಾರೆ ಸಾರ್, ವಾಪಸ್ ಕಳಿಸ್ತೀನಿ' ಅಂದಳು. ಮರುದಿನ, ಜೀಪು ಸಂಸ್ಥೆಗೆ ಹೋಗುವ ಮೊದಲಿನ ಕೊನೆಯ ದಿನ, ಡ್ರೈವರ್ ಎಲ್ಲವನ್ನೂ ಜೀಪಿಗೆ ತುಂಬಿಕೊಂಡು ಮನೆಮನೆಗೆ ಇಳಿಸಿ ಬಂದ. ತಲುಪಿದೆ ಎಂದು ಒಬ್ಬೊಬ್ಬರಿಂದಲೂ ಸಹಿ ಹಾಕಿಸಿಕೊಂಡು ಬಂದ. ಡ್ರೈವರಿಗೆ ಕಟ್ಟುಪಾಡು ಗೊತ್ತಿರಲಿಲ್ಲ. ಚಿಕ್ಕಿಗೆ ಗೊತ್ತಿತ್ತು. ಜೀಪು ತಿರುವು ದಾಟುವವರೆಗೆ ನೋಡಿ ಅವಳು ಒಳಗೆ ಬಂದು ಬಾಗಿಲು ಹಾಕಿಕೊಂಡಳು.

ಉದ್ದಕ್ಕ ಬಾಗಿಲಲ್ಲಿ ಬಗ್ಗಿ ಒಳಗೆ ಬಂದಾಗ ಚಿಕ್ಕಿ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಬಗ್ಗುವ ಅಗತ್ಯವಿಲ್ಲದ ಬಾಗಿಲಲ್ಲೂ ಅವಳು ಬಗ್ಗುತ್ತಿದ್ದಳು, ಅಭ್ಯಾಸ. ಮೊದಲ ಬಸ್ಸಿಗೆ ಇಳಿದಿರಬೇಕು. ಕೈಯಲ್ಲಿ ಒಂದು ಹಳೆಯ ಬಾಣಲೆ.

'ಇದನ್ನ ಯಾಕೆ ತಂದೆ?'

'ನಂದೇ. ಎಂಟು ವರ್ಷದ ಹಿಂದೆ ಕೊಟ್ಟಿದ್ದು, ನಾನೇ ಮರೆತಿದ್ದೆ. ನಿನ್ನೆ ಸಂಜೆ ನಿನ್ನ ಭಾವ ತಂದುಕೊಟ್ಟ.'

ಚಿಕ್ಕಿ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿದಳು.

'ಉಜ್ಜಿ ಬೆಳಗಿ ತಂದಿದಾನೆ, ನೋಡು. ಮುಖ ಕಾಣುತ್ತೆ. ಅಲ್ಲಿಂದ ಅಂಗಡಿಯವನ ಮನೆಗೆ ಹೋಗಿ ಹಳೇ ಬಾಕಿ, ಹಗ್ಗದ ದುಡ್ಡು ಕೊಟ್ಟನಂತೆ. ಇವತ್ತು ಬೆಳಕು ಹರಿಯೋ ಮೊದಲೇ ನನ್ನ ನಾದಿನಿ ಮನೆಗೆ ಸುತ್ತಿಗೆ. ಕೇಳಿದ್ರೆ, ಯಾರದ್ದೂ ನನ್ನ ಹತ್ರ ಇರಬಾರದಮ್ಮ ಅಂದನಂತೆ, ನಗ್ತಾ.'

ನಗುತ್ತಾ ಎಂಬುದನ್ನು ಉದ್ದಕ್ಕ ಬೇರೆಯಾಗಿ ಹೇಳಿದಳು. ಇಬ್ಬರಿಗೂ ಇನ್ನೇನೂ ಹೇಳಬೇಕಾಗಿರಲಿಲ್ಲ. ಯಾರ ಹತ್ತಿರವೂ ಬಾಕಿ ಇಟ್ಟುಕೊಳ್ಳದೆ ಒಬ್ಬ ಊರು ಸುತ್ತುತ್ತಿದ್ದಾನೆ ಎಂದರೆ ಅವನ ಮನೆಗೆ ಅವತ್ತೇ ಹೋಗಬೇಕು ಎಂದು ತರಬೇತಿಯ ಗೋಡೆಚಿತ್ರದಲ್ಲೂ ಇತ್ತು, ಗುಡ್ಡದ ಅಜ್ಜಿಯಂದಿರ ಬಾಯಲ್ಲೂ ಇತ್ತು. ಚಿಕ್ಕಿಯ ಭಾವ ಗಾರೆ ಕೆಲಸದವನು, ಊರಿಗೆಲ್ಲ ಗಾರೆಮಾವ. ಎರಡು ವರ್ಷದ ಹಿಂದೆ ಅವನ ಮಗಳು ಹೋದಳು, ತಾನಾಗಿ ಜೀವ ತೆಗೆದುಕೊಂಡು. ಆಗ ಅವನೂ ಹೋಗುವವನಂತೆಯೇ ಇದ್ದ. ಉದ್ದಕ್ಕ ಅವನ ಮನೆಗೆ ಹೋಗಿ, ಕಟ್ಟಡದ ಗೋಡೆ ಸರಿಯಾಗಿದೆಯೇ ಎಂದು ನೋಡುವ ಅವನ ಮಟ್ಟಗೋಲನ್ನು ಎರವಲು ಕೇಳಿದ್ದಳು. ಅವನು ಅಷ್ಟು ದುಃಖದಲ್ಲೂ ಅವಳನ್ನು ಮೇಲಿಂದ ಕೆಳಗೆ ನೋಡಿ, 'ನಿಮ್ಮನೇಲಿ ಮಟ್ಟ ಮಾಡಬೇಕಾದ್ದು ಏನಿದೆ, ನಿನ್ನ ನಾಲಿಗೆ ಬಿಟ್ಟು?' ಎಂದಿದ್ದ. ಮಗಳು ಹೋದ ಮೇಲೆ ಅವನು ಆಡಿದ ಮೊದಲ ಮಾತು ಅದು. ಆ ಕೋಲು ಕಪಾಟಿನಲ್ಲಿ ಉದ್ದಕ್ಕೆ ಮಲಗಿತ್ತು. ನಡುವೆ ಹಲವು ಸಲ ಹೋಗಿ, ಬೇರೆ ಸಾಮಾನುಗಳಿಗೆ ಬದಲಾಗಿ, ಮತ್ತೆ ಬಂದಿತ್ತು. ಈಗ ಡ್ರೈವರ್ ಅದನ್ನೂ ತಲುಪಿಸಿದ್ದ.

'ನಾನು ಕಳಿಸಿದ್ದು' ಎಂದಳು ಚಿಕ್ಕಿ.

'ಗೊತ್ತು.' ಉದ್ದಕ್ಕ ಬಾಣಲೆಯನ್ನು ಮೇಜಿನ ಮೇಲಿಟ್ಟಳು. 'ಈಗ ಅದನ್ನ ತಲೆ ಮೇಲೆ ಹೊತ್ಕೊಂಡು ಕೂರಬೇಡ. ನಾನು ಹೋಗಿ ಅಲ್ಲೇ ಕೂತಿರ್ತೀನಿ, ನಿನ್ನ ಅಕ್ಕ ಇದಾಳೆ. ನೀನು ಬಾ.'

'ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ಲೆಕ್ಕದವರು ಬರಬೇಕು.'

ಉದ್ದಕ್ಕ ಈ ಸಲ ಬಗ್ಗದೆಯೇ ಬಾಗಿಲು ದಾಟಿ ಹೊರಟುಹೋದಳು.

ಲೆಕ್ಕದವರು ಹೇಳಿದ ಸಮಯಕ್ಕಿಂತ ತಡವಾಗಿ ಬಂದರು. ತಡವಾದದ್ದಕ್ಕೆ ಕ್ಷಮೆ ಕೇಳಿ ಬಿಸಿನೀರು ಕೇಳಿದರು. ಚಿಕ್ಕಿ ಸ್ಟವ್ ಹಚ್ಚಿ ನೀರಿಟ್ಟಳು. ನೀರು ಕಾಯುವವರೆಗೂ ಪಾತ್ರೆಯ ತಳದಿಂದ ಏಳುವ ಗುಳ್ಳೆಗಳನ್ನು ನೋಡುತ್ತಾ ನಿಂತಳು. ಯಾಕೆ ನಿಂತಿದ್ದೇನೆ ಎಂದು ತನ್ನನ್ನು ತಾನೇ ಕೇಳಿಕೊಂಡರೆ ಸಿಕ್ಕಿದ ಉತ್ತರ ಚೆನ್ನಾಗಿರಲಿಲ್ಲ. ಪಟ್ಟಣದ ದೊಡ್ಡ ಕಚೇರಿಯಲ್ಲಿ ನೀರಿನ ಯೋಜನೆಗೆ ಒಂದು ಕೆಲಸ ಖಾಲಿ ಇದೆ, ಇಲ್ಲಿಯದನ್ನು ಅಚ್ಚುಕಟ್ಟಾಗಿ ಒಪ್ಪಿಸಿದರೆ ನಿಮ್ಮ ಹೆಸರು ಹೇಳುತ್ತೇನೆ, ಎಂದು ಲೆಕ್ಕದವರು ಹೋದ ಸಲ ಅಂದಿದ್ದರು. ಆ ಮಾತು ವಾರವಿಡೀ ಅವಳ ಒಳಗೆ ಬಾಯಲ್ಲಿ ಇಟ್ಟುಕೊಂಡ ಸಿಹಿಯಂತೆ ಕರಗುತ್ತಾ ಇತ್ತು. ಪಟ್ಟಣದಲ್ಲಿ ಒಂದು ಕೋಣೆ, ಗಾಳಿ ಬರುವ ಕಿಟಕಿ, ಯಾರೂ ಸಾಯದ ಒಂದು ಕೆಲಸ. ನೀರು ಬರುತ್ತದೆ, ಇಲ್ಲವೇ ಬರುವುದಿಲ್ಲ; ನಲ್ಲಿಯ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಎಚ್ಚರವಿದ್ದು ಯೋಚಿಸಬೇಕಾಗಿಲ್ಲ. ಎಷ್ಟೋ ಮನೆಗಳ ಮುಂದೆ ಕೂತು ಅವಳಿಗೆ ಸುಸ್ತಾಗಿತ್ತು. ಸುಸ್ತಾಗಿದೆ ಎಂದು ಹೇಳುವಂತಿರಲಿಲ್ಲ, ಗುಡ್ಡದವಳಿಗೆ ಗುಡ್ಡದ ಜನರ ಬಗ್ಗೆ ಸುಸ್ತಾಗುವುದುಂಟೇ. ಬಾಚಣಿಗೆಯ ದಿನ ಸಾಮಾನೆಲ್ಲ ಕಳಿಸಿದ್ದು ನಾಚಿಕೆಗೆ ಎಂದೇ ಅವಳು ಇಷ್ಟು ಹೊತ್ತೂ ತನಗೆ ಹೇಳಿಕೊಂಡಿದ್ದಳು. ಈಗ ಕುದಿಯತೊಡಗಿದ ನೀರಿನ ಮುಂದೆ ಇನ್ನೊಂದು ಕಾರಣವೂ ಮೆಲ್ಲಗೆ ತಲೆಯೆತ್ತಿತು. ಬಾಕಿ ತೀರಿಸಿ ಹೋಗುವುದು ಅವಳಿಗೂ ಬೇಕಾಗಿತ್ತು. ಯಾರದ್ದೂ ತನ್ನ ಹತ್ತಿರ ಇರಬಾರದು. ಭಾವ ನಗುತ್ತಾ ಅಂದದ್ದನ್ನು ಅವಳು ಸಹಿ ಹಾಕಿಸಿಕೊಂಡು ಮಾಡಿದ್ದಳು.

ಕುರ್ಚಿಗಳಾದವು. ಮೇಜಾಯಿತು. ಫ್ಯಾನು ಓಡುತ್ತದೆಯೇ ಎಂದು ಹಾಕಿ ನೋಡಿದ್ದಾಯಿತು, ಓಡಿತು. ಲೆಕ್ಕದವರು ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗಲ್ಲ, ರೋಗಿಯ ಹಣೆ ಮುಟ್ಟುವವರ ಹಾಗೆ. ಬಾಣಲೆಯ ಹತ್ತಿರ ನಿಂತರು.

'ಇದು?'

'ಈಗ ಬಂದವರು ಬಿಟ್ಟುಹೋಗಿದ್ದು.'

'ನಿಮ್ಮ ಜನರಿಗೆ ಮರೆವು ಜಾಸ್ತಿ ಮೇಡಂ' ಎಂದು ಪ್ರೀತಿಯಿಂದಲೇ ಹೇಳಿದರು. ಹಿಂದಿನ ಕೋಣೆಗೆ ಇಣುಕಿ, ಖಾಲಿ ಮೊಳೆಗಳನ್ನು ನೋಡಿ, 'ಎಲ್ಲ ವಾಪಸ್ ಕೊಟ್ಟಾಯ್ತಾ? ಸಹಿ ಸಮೇತ? ಅಚ್ಚುಕಟ್ಟು ಅಂದ್ರೆ ಇದು. ನಾನು ಇದನ್ನ ವಿಶೇಷವಾಗಿ ಬರೀತೀನಿ' ಅಂದರು.

ಹೊಗಳಿಕೆ ಇಷ್ಟು ಕಹಿಯಾಗಿರಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಹೊರಗೆ ಬೀದಿಯಲ್ಲಿ ಬಸ್ಸು ಬಂದು ನಿಂತ ಸದ್ದು, ಕಂಡಕ್ಟರ್ ಟೀ ಕುಡಿಯಲು ಇಳಿಯುವ ಹೊತ್ತು. ಅವನು ಟೀಯನ್ನು ಬಸಿಯಲ್ಲಿ ಆರಿಸಿಕೊಂಡು ಕುಡಿಯುವವನು. ಅಷ್ಟು ಸಮಯವಿದೆ. 'ಸಂಜೆ ಪಟ್ಟಣದಿಂದ ಸಾಹೇಬರು ಫೋನ್ ಮಾಡ್ತಾರೆ. ಆ ಕೆಲಸದ ವಿಷಯ. ನೀವು ಪಕ್ಕದಲ್ಲಿದ್ರೆ ಒಳ್ಳೇದು, ಒಂದೆರಡು ಪ್ರಶ್ನೆ ಕೇಳ್ತಾರೆ' ಎಂದರು ಲೆಕ್ಕದವರು. ಚಿಕ್ಕಿ ಹೂಂ ಎಂದಳು. ಹೂಂ ಎಂದ ಮೇಲೆ ಕುರ್ಚಿಯ ಮೇಲೆ ಕೂತಳು ಕೂಡ. ಅಕ್ಕನ ಮದುವೆಯ ದಿನ ಭಾವ ಮೊದಲ ಬಾರಿ ಅವಳನ್ನು ಚಿಕ್ಕಿ ಎಂದು ಕರೆದದ್ದು ನೆನಪಾಯಿತು. ಹುಟ್ಟಲಿರುವ ಮಕ್ಕಳಿಗೆ ಈಗಲೇ ರೂಢಿಯಾಗಲಿ ಎಂದು. ಅವಳಿಗಾಗ ಮೊಣಕಾಲುದ್ದದ ಲಂಗ. ಅವನಿಂದ ಮನೆಯವರು ಕಲಿತರು, ಮನೆಯವರಿಂದ ಊರು. ಹುಟ್ಟಿದ ಒಬ್ಬಳೇ ಮಗಳು ಮಾತ್ರ ಅವಳನ್ನು ಹಾಗೆ ಕರೆಯಲೇ ಇಲ್ಲ. ಹೆಸರು ಹಿಡಿದೇ ಕೂಗುತ್ತಿದ್ದಳು, ಕೊಬ್ಬು. ಬೀದಿಯಲ್ಲಿ ಬಸ್ಸಿನ ಇಂಜಿನ್ನು ಮತ್ತೆ ಶುರುವಾಯಿತು.

'ಸಾರ್, ನಾನು ಹೋಗಬೇಕು. ಬೀಗದ ಕೈ ಇಲ್ಲಿದೆ.'

'ಫೋನ್?'

'ಮೇಲೆ ಸಿಗ್ನಲ್ ಇಲ್ಲ.'

'ಈ ಹೊತ್ತಲ್ಲಿ ಅಂಥದ್ದೇನಿದೆ ಮೇಡಂ?'

ಜರಡಿ, ಬಾಚಣಿಗೆ, ಮಟ್ಟಗೋಲು, ಎಲ್ಲವನ್ನೂ ಹೇಳಿಬಿಡಬಹುದಾದ ಹೊತ್ತು ಅದು. ಕೇಳುವ ಮನುಷ್ಯರೂ ಒಳ್ಳೆಯವರು. 'ಮರುಭೇಟಿ' ಎಂದಳು ಚಿಕ್ಕಿ. ಬಾಣಲೆಯನ್ನು ಅಲ್ಲೇ ಬಿಟ್ಟು, ಕೊಡೆ ಮಾತ್ರ ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮುಂದಿನ ಸೀಟಿನಲ್ಲಿ ಒಬ್ಬಳು ಮಗುವಿಗೆ ಬಿಸ್ಕೆಟ್ ಮುರಿದು ಕೊಡುತ್ತಿದ್ದಳು. ಮಗು ಪ್ರತಿ ಚೂರನ್ನೂ ಕಚ್ಚಿ ತಾಯಿಗೆ ವಾಪಸ್ ಕೊಡುತ್ತಿತ್ತು. ದನಿ ಬದಲಾಗುವ ತಿರುವು ಬಂತು, ಹೋಯಿತು. ಪರೀಕ್ಷೆಗೆಂದು ಚಿಕ್ಕಿ ಮೆಲ್ಲಗೆ ಭಾವ ಎಂದು ಹೇಳಿ ನೋಡಿದಳು. ಬಸ್ಸಿನ ಸದ್ದಿನಲ್ಲಿ ಯಾವ ದನಿ ಎಂದು ತಿಳಿಯಲಿಲ್ಲ. ತರಬೇತಿಯಲ್ಲಿ ಒಂದು ಪ್ರಶ್ನೆ ಕಲಿಸಿದ್ದರು. ಸುತ್ತಿ ಬಳಸದೆ ಕೇಳಿ, ಕೇಳುವುದರಿಂದ ಯಾರೂ ಸಾಯುವುದಿಲ್ಲ, ಎಂದು ಬಿಳಿ ಕೋಟಿನ ಡಾಕ್ಟರಮ್ಮ ಮೇಜು ಕುಟ್ಟಿ ಹೇಳಿದ್ದರು. ಚಿಕ್ಕಿ ಅದನ್ನು ಆರು ಜನರಿಗೂ ಬಾಯಿಪಾಠ ಮಾಡಿಸಿದ್ದಳು. ಅವರು ಕೇಳುತ್ತಿದ್ದರು, ಸಾಮಾನು ಕೈಗೆ ಬಂದ ಮೇಲೆ, ಹೊರಡುವ ಮೊದಲು, ಹೊಸ್ತಿಲ ಹತ್ತಿರ ನಿಂತು. ತಾನು ಮಾತ್ರ ಇದುವರೆಗೆ ಯಾರನ್ನೂ ಕೇಳಿಲ್ಲ ಎಂಬುದು ಅವಳಿಗೆ ಬಸ್ಸಿನಲ್ಲೇ ಹೊಳೆಯಿತು. ಕಲಿಸುವವಳು ಕೇಳಬೇಕಾದ ಪ್ರಸಂಗ ಬಂದಿರಲಿಲ್ಲ. ಅಕ್ಕನ ಮಗಳು ಬದುಕಿದ್ದ ಕೊನೆಯ ಬೇಸಗೆಯಲ್ಲಿ ಬಂದಿತ್ತು. ಆಗ, ಮನೆಯವರನ್ನೇ ಏನು ಕೇಳುವುದು, ಅಂದುಕೊಂಡು ಹುಡುಗಿಗೆ ಒಂದು ಹೊಸ ಬಟ್ಟೆ ಕೊಡಿಸಿ ಬಂದಿದ್ದಳು. ಬಣ್ಣ ಚೆನ್ನಾಗಿತ್ತು.

ಬಸ್ಸು ಇಳಿದು ಏರು ಹತ್ತುವಷ್ಟರಲ್ಲಿ ಬಿಸಿಲು ಬಾಗಿತ್ತು. ಭಾವನ ಮನೆಯ ಮುಂದೆ ಅಕ್ಕ ಮತ್ತು ಉದ್ದಕ್ಕ ಕಾಲು ಚಾಚಿ ಕೂತು ಕಾಳು ಬಿಡಿಸುತ್ತಿದ್ದರು, ಯಾವ ಅವಸರವೂ ಇಲ್ಲದವರಂತೆ. ಭಾವ ಅಂಗಳದಲ್ಲಿ ತನ್ನ ಸಾಮಾನುಗಳನ್ನು ತೊಳೆದು ಸಾಲಾಗಿ ಒಣಗಲು ಇಟ್ಟಿದ್ದ. ಗಾರೆ ಮೆತ್ತುವ ಕರಣೆ, ತೂಗುಗುಂಡು, ಮಟ್ಟಗೋಲು, ಸುಣ್ಣದ ಕುಂಚ. ಅಂಗಡಿಯಲ್ಲಿ ಮಾರಲು ಇಟ್ಟಷ್ಟು ಚೊಕ್ಕಟ. ಅವನ ಗಡ್ಡವೂ ಬೋಳಿಸಿತ್ತು.

'ಬಂದಳು ನೋಡು ಇನ್ನೊಬ್ಬಳು' ಎಂದ. 'ಒಬ್ಬಳು ಆಗಿನಿಂದ ಒಂದು ಬೊಗಸೆ ಕಾಳು ಬಿಡಿಸ್ತಾ ಕೂತಿದಾಳೆ. ನಿನಗೇನು ಬೇಕಮ್ಮ? ಏನು ಕೇಳ್ತೀಯ? ಕರಣೆ ಕೊಡಲಾ?'

ಚಿಕ್ಕಿ ನಿಂತಲ್ಲೇ ನಿಂತಳು. ದಾರಿಯುದ್ದಕ್ಕೂ ಏನು ಕೇಳಲಿ ಎಂದು ಯೋಚಿಸಿಕೊಂಡು ಬಂದಿದ್ದಳು, ಒಂದೂ ಹೊಳೆದಿರಲಿಲ್ಲ.

'ನಿಮಗೆ ಗೊತ್ತಿತ್ತಾ ಭಾವ?'

'ಯಾರಿಗೆ ಗೊತ್ತಿರಲಿಲ್ಲ? ಮಟ್ಟಗೋಲು ಇಟ್ಕೊಂಡು ಇವಳೇನು ಅರಮನೆ ಕಟ್ತಾಳಾ? ಊರಿಗೆಲ್ಲ ಗೊತ್ತಿತ್ತು. ಅಂಗಡಿಯವನ ಹೆಂಡತಿ ಹಳೇ ಬಾಚಣಿಗೆ ಕೊಟ್ಟು ಹೊಸದು ಕೊಂಡ್ಕೊಂಡಳು. ಅದು ಇಲ್ಲದೆ ನಡೆಯುತ್ತೆ, ಆದ್ರೆ ನೀವು ಬರೋದು ತಪ್ಪಬಾರದು ಅಂತ.'

ಉದ್ದಕ್ಕ ಕಾಳಿನಿಂದ ತಲೆ ಎತ್ತಲಿಲ್ಲ. ಇಷ್ಟು ವರ್ಷ ಬಹಳ ಜಾಣತನದಿಂದ ಮಾಡಿದೆವು ಎಂದುಕೊಂಡದ್ದನ್ನು ಎದುರಿನವರು ಮಕ್ಕಳಾಟಕ್ಕೆ ಸೋತವರಂತೆ ನಟಿಸಿ ಸಾಗಿಸಿದ್ದರು ಎಂದರೆ ಯಾರಿಗೋಸ್ಕರ ಯಾರು ಕೂತದ್ದು. ಚಿಕ್ಕಿಗೆ ನಗು ಬರಬೇಕಿತ್ತು. ಅವಳು ಅಂಗಳದ ಕಲ್ಲಿನ ಮೇಲೆ ಕೂತಳು. ತೊಳೆದಿಟ್ಟ ಸಾಮಾನುಗಳ ಸಾಲು ಅವಳ ಮತ್ತು ಅವನ ನಡುವೆ ಇತ್ತು.

'ಭಾವ, ಸಾಯೋ ಯೋಚನೆ ಇದೆಯಾ ನಿಮಗೆ?'

ಅಕ್ಕನ ಕೈ ನಿಂತಿತು. ಉದ್ದಕ್ಕ ಅವಳ ಮೊಣಕೈ ಹಿಡಿದುಕೊಂಡಳು. ಭಾವ ಕುಂಚದ ಒಂದು ಕೂದಲನ್ನು ಎಳೆದು ಸರಿಮಾಡಿದ, ಇನ್ನೊಂದನ್ನು ಸರಿಮಾಡಿದ.

'ಕೇಳಿದೀಯ ಅಂತ ಹೇಳ್ತೀನಿ. ಇದೆ.' ದನಿಯಲ್ಲಿ ಏರಿಳಿತವಿರಲಿಲ್ಲ, ಎಷ್ಟು ಮೂಟೆ ಸಿಮೆಂಟು ಬೇಕು ಎಂದು ಹೇಳುವಾಗಿನಂತೆ. 'ಮೊದಲೂ ಇತ್ತು. ಹೋಗಿತ್ತು ಅಂತಲ್ಲ, ಕಡಿಮೆ ಆಗಿತ್ತು. ಅವತ್ತು ನಿಮ್ಮ ಡ್ರೈವರ್ ಬಂದು ಕೋಲು ಕೊಟ್ಟು, ಇಲ್ಲೊಂದು ಸಹಿ ಹಾಕಿ ಅಂದ. ಹಾಕಿದೆ. ಅವನು ಹೋದಮೇಲೆ ಅನ್ನಿಸ್ತು, ಎಲ್ಲರೂ ಬಾಕಿ ತೀರಿಸ್ತಿದಾರೆ, ನಂದೂ ತೀರಿಸಿಬಿಡೋಣ ಅಂತ. ಅಷ್ಟೇ. ಯಾರ ಮೇಲೂ ಸಿಟ್ಟಿಲ್ಲ.'

'ಅದು ನನ್ನ ತಪ್ಪು.'

'ನಿಂದು ಅಂತ ಗೊತ್ತಾಗಿ ನನಗೇನಾಗಬೇಕು?'

ಅಕ್ಕ ಅಳುತ್ತಿದ್ದಳು, ಸದ್ದಿಲ್ಲದೆ, ಕಾಳಿನ ತಟ್ಟೆಯನ್ನು ಮಾತ್ರ ಒದ್ದೆಯಾಗದಂತೆ ದೂರ ಸರಿಸಿಕೊಂಡು. ಆಮೇಲೆ ಅವನೇ ಮಾತಾಡಿದ, ಮಗಳ ಬಗ್ಗೆ. ಹೊಸ ಬಟ್ಟೆಯ ಬಗ್ಗೆಯೂ. ಅದನ್ನು ಹುಡುಗಿ ಒಂದೇ ಸಲ ಹಾಕಿಕೊಂಡದ್ದು, ಕನ್ನಡಿ ಸಣ್ಣದಾಯಿತೆಂದು ಕುರ್ಚಿ ಹತ್ತಿ ನೋಡಿಕೊಂಡದ್ದು. ಚಿಕ್ಕಿಗೆ ಎದ್ದುಹೋಗಬೇಕೆನಿಸಿತು, ಕೂತಳು. ಅಕ್ಕ ನಡುವೆ ಒಮ್ಮೆ, ಕುರ್ಚಿ ಅಲ್ಲ, ಸ್ಟೂಲು ಅದು, ಎಂದು ತಿದ್ದಿದಳು. ಅದೇ ವಿಷಯಕ್ಕೆ ಗಂಡ ಹೆಂಡತಿಗೆ ಸ್ವಲ್ಪ ವಾದವಾಯಿತು. ಮಗಳು ಹೋದಮೇಲೆ ಅವಳ ಬಗ್ಗೆ ಅವರಿಬ್ಬರೂ ಒಟ್ಟಿಗೆ ಮಾತಾಡಿದ್ದನ್ನು ಚಿಕ್ಕಿ ಕಂಡದ್ದು ಅದೇ ಮೊದಲು. ವಾದದಲ್ಲಿ ಅಕ್ಕ ಗೆದ್ದಳು.

ಉದ್ದಕ್ಕ ಸೆರಗು ಕೊಡವಿ ಎದ್ದಳು. 'ನಾಳೆ ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಡಾಕ್ಟರಮ್ಮ ಬರ್ತಾರೆ. ನಾವು ನಾಲ್ಕೂ ಜನ ಹೋಗ್ತಿದೀವಿ. ಹೇಳಿದ್ದನ್ನೆಲ್ಲ ಅಲ್ಲಿ ಇನ್ನೊಂದು ಸಲ ಹೇಳ್ಬೇಕು. ಇವತ್ತು ನಾನು ಇಲ್ಲೇ ಮಲಗ್ತೀನಿ.'

'ಗೊರಕೆ ಹೊಡೀತೀಯ.'

'ಹೊಡೀತೀನಿ. ನಿದ್ದೆ ಬರದಿದ್ರೆ ಎಬ್ಬಿಸು, ಬೈದು ಮಾತಾಡೋಣ.'

ಭಾವ ಕುಂಚವನ್ನು ಸಾಲಿನಲ್ಲಿ ವಾಪಸ್ ಇಟ್ಟ. ಚಿಕ್ಕಿಯ ಕಡೆ ತಿರುಗಿ, 'ನಿನ್ನ ಕೆಲಸ ಹೋಯ್ತಲ್ಲ, ಇನ್ನೇನು ಮಾಡ್ತೀಯ?' ಎಂದು ಕೇಳಿದ.

'ಗೊತ್ತಿಲ್ಲ ಭಾವ.'

ಅವನು ಅವಳನ್ನು ನೋಡಿದ. ಸೋರುವ ಗೋಡೆಯನ್ನು ನೋಡುವವನ ಹಾಗೆ, ಬಿರುಕು ಎಲ್ಲಿಂದ ಶುರುವಾಗಿದೆ ಎಂದು ಹುಡುಕುತ್ತಾ. ಎರಡು ವರ್ಷ ಇವರು ತನ್ನನ್ನು ಹೀಗೆಯೇ ನೋಡುತ್ತಿದ್ದರು ಎಂದು ಅವನಿಗೆ ಅನ್ನಿಸಿರಬಹುದು.

'ಆ ಕೊಡೆ ಇಟ್ಟುಹೋಗು' ಎಂದ, ಅವಳ ಕಂಕುಳಲ್ಲಿದ್ದುದನ್ನು ತೋರಿಸಿ.

'ಮಳೆ ಇಲ್ಲವಲ್ಲ.'

'ನನಗೆ ಬೇಕು. ಬೇಕಾದಾಗ ಬಂದು ತಗೊಂಡುಹೋಗು.'

ಆ ಧಾಟಿ ಅವಳಿಗೆ ಗೊತ್ತಿತ್ತು. ಆರು ಜನರಿಗೆ ಅವಳೇ ಕಲಿಸಿದ್ದಳು. ದೀನವಾಗಿಯೂ ಕೇಳಬಾರದು, ಉಪಕಾರ ಮಾಡುವಂತೆಯೂ ಕೇಳಬಾರದು. ಇನ್ನೊಬ್ಬರ ಕಡೆಯಿಂದ ಕೇಳಿಸಿಕೊಂಡಾಗ ಅದರಲ್ಲಿ ಎಷ್ಟು ಕರುಣೆ, ಎಷ್ಟು ಅವಮಾನ ಒಟ್ಟಿಗೆ ಇರುತ್ತದೆ ಎಂದು ಮೊದಲ ಸಲ ತಿಳಿಯಿತು. ಚಿಕ್ಕಿ ಕೊಡೆಯನ್ನು ಅವನ ಕೈಗೆ ಕೊಟ್ಟಳು.

ಪಟ್ಟಣದ ಕೆಲಸ ಬೇರೆಯವರಿಗೆ ಹೋಯಿತು. ಭಾವ ಮರುದಿನ ಡಾಕ್ಟರಮ್ಮನ ಹತ್ತಿರ ಹೋದ, ಆಮೇಲೆಯೂ ಹೋದ. ಮಾತ್ರೆಗೆ ಬಾಯಿ ಒಣಗುತ್ತದೆ ಎಂದು ದೂರುತ್ತಾನೆ, ನುಂಗುತ್ತಾನೆ. ಆರು ಜನ ಹೆಂಗಸರಲ್ಲಿ ಮೂವರು ನಡೆಯುವುದನ್ನು ಬಿಟ್ಟರು, ಗೌರವಧನವಿಲ್ಲದೆ ಅವರ ಮನೆ ನಡೆಯುವುದಿಲ್ಲ, ಅವರನ್ನು ಅನ್ನುವಂತಿಲ್ಲ. ಉಳಿದ ಮೂವರ ಜೊತೆ ಚಿಕ್ಕಿ ನಾಲ್ಕನೆಯವಳಾಗಿ ಹತ್ತಿರದ ಊರುಗಳಿಗೆ ಹೋಗುತ್ತಾಳೆ, ಹೋಗುವ ಮೊದಲು ಬೇರೆಯವರ ಹೊಲದಲ್ಲಿ ಕೂಲಿ ಮುಗಿಸಿ. ಆ ಮಳೆಗಾಲದಲ್ಲಿ ಗುಡ್ಡದ ಆಚೆ ಬದಿಯ ಊರಿನಲ್ಲಿ ಒಬ್ಬ ಹುಡುಗ ಹೋದ, ತಾನಾಗಿ. ಅಲ್ಲಿಗೆ ನಡೆದು ಹೋಗಿಬರಲು ಒಂದು ಹಗಲು ಸಾಲುವುದಿಲ್ಲ. ಯೋಜನೆ ನಿಂತ ಮೇಲೆ ಆ ಕಡೆ ಯಾರೂ ಹೋಗಿರಲಿಲ್ಲ. ಭಾವ ಉಳಿದ, ಹುಡುಗ ಉಳಿಯಲಿಲ್ಲ.